ಇಸಾಬೆಲ್ ಆಡಿದ ಮಾತು, ಫ್ರೆಡ್ರಿಕ್ ಹಾಡಿದ ಹಾಡು

ಒಂದು ಮನೆಯೊಳಗೆ ಆಡಿದ ಮಾತು ಹೊರಗೆ ಹೋಗಿ ಆದ ರಗಳೆಯ ಕಥೆ ಇದು. ಅದನ್ನೇ ನಾನು ಇನ್ನೊಮ್ಮೆ ಹೊರಗೆ ಹೇಳಲು ಹೊರಟಿದ್ದೇನೆ. ಸರಿಯೋ ತಪ್ಪೋ ಎಂದು ಬಹಳ ಸಲ ಯೋಚಿಸಿದೆ. ಸರಿ ಎಂಬ ಉತ್ತರ ಒಮ್ಮೆಯೂ ಬರಲಿಲ್ಲ. ಸಂಗೀತ ನನಗೆ ಕಿವಿಯಿಂದ ತಿಳಿದಷ್ಟೇ. ಅವರು ಕೊಂಕಣಿಯಲ್ಲಿ ಜಗಳವಾಡಿದ್ದನ್ನು ನಾನು ಕನ್ನಡದಲ್ಲಿ ಬರೆಯುವಾಗ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಬಡಿಸಿದ ಹಾಗೆ ಆಗಿರಬಹುದು. ಓದುವವರೂ, ಆ ಮನೆಯವರೂ ಕ್ಷಮಿಸಬೇಕು.

ಅಕ್ಟೋಬರಿನ ಒಂದು ಸಂಜೆ ಇಸಾಬೆಲ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಸ್ಟಾಫ್ ಬಸ್ಸಿನಲ್ಲಿ ಕುವೈತಿನ ಮಂಗಫ್‌ಗೆ ಬರುತ್ತಿದ್ದಳು. ಪಕ್ಕದ ಸೀಟಿನಲ್ಲಿ ಕದೀಜಾ, ಅದೇ ವಾರ್ಡಿನ ನರ್ಸ್, ಬಂಟ್ವಾಳದ ಕಡೆಯವಳು. ಮನೆಮಾತು ಬ್ಯಾರಿ, ಕೊಂಕಣಿ ಅರ್ಧಕ್ಕರ್ಧ ಅರ್ಥವಾಗುತ್ತದೆ.

"ಇಸಾಬೆಲಕ್ಕ, ಇದು ನಿಮ್ಮ ಯಜಮಾನ್ರಲ್ವಾ?" ಎಂದು ಅವಳು ಮೊಬೈಲನ್ನು ಮುಂದೆ ಹಿಡಿದಳು.

ಫ್ರೆಡ್ರಿಕನೇ. ಕಪ್ಪು ಅಂಗಿ, ತೊಡೆಯ ಮೇಲೆ ಕೆಂಪು ಎಲೆಕ್ಟ್ರಿಕ್ ಗಿಟಾರ್, ಹಿಂದೆ ಅವರದೇ ಮಲಗುವ ಕೋಣೆಯ ಪರದೆ. ಪರದೆ ವಿಡಿಯೋದಲ್ಲಿ ಚಂದ ಕಾಣುತ್ತದೆ ಎಂದು ಇಸಾಬೆಲ್ ಅಂದುಕೊಳ್ಳುವಷ್ಟರಲ್ಲಿ ಹಾಡಿನ ಮಾತು ಕೇಳಿಸಿತು.

*ತುಜೆ ಸಾಂಗಾತಾ ಹಾಂವ್ ಇಕಾಮಾರ್.* ನಿನ್ನ ಜೊತೆ ನಾನಿರುವುದು ಇಕಾಮಾದ ಮೇಲೆ. ವರ್ಷ ವರ್ಷ ರಿನ್ಯೂ, ಯಾವ ವರ್ಷ ಖಲಾಸ್ ಎಂದು ಗೊತ್ತಿಲ್ಲ.

ಇಕಾಮಾ ಎಂದರೆ ಕುವೈತಿನಲ್ಲಿ ಇರಲು ಸರಕಾರ ಕೊಡುವ ಪರವಾನಿಗೆ. ಅದು ನವೀಕರಣವಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ಭಯ ಇಲ್ಲಿ ಯಾರಿಗಿಲ್ಲ? ಹಾಗಾಗಿ ಕದೀಜಾ, "ಎಂಥ ಮಾತು ಹೊಳೆದಿದೆ ನೋಡಿ ಅವರಿಗೆ," ಎಂದು ಮೆಚ್ಚಿ ತಲೆಯಾಡಿಸಿದಳು. "ಮಹಬೂಲಾದ ಹುಡುಗರು ರೂಮು ರೂಮಲ್ಲಿ ಹಾಡ್ತಾರಂತೆ."

ಇಸಾಬೆಲ್ ಕಿಟಕಿಯ ಕಡೆ ತಿರುಗಿದಳು. ಆ ಮಾತು ಅವನಿಗೆ ಹೊಳೆದದ್ದಲ್ಲ, ಅವಳ ಬಾಯಿಂದ ಬಿದ್ದದ್ದು. ಮೂರು ವಾರದ ಹಿಂದೆ ಅವಳಿಗೆ ಜ್ವರ. ಎರಡು ಡ್ಯೂಟಿ ಒಟ್ಟಿಗೆ ಮಾಡಿ ಬಂದಿದ್ದಳು. ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗು ಎಂದು ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದಳು. ಅವನು ಗಿಟಾರಿನ ತಂತಿ ತರಲು ಸಿಟಿಗೆ ಹೋಗಿ, ಅಲ್ಲಿಯೇ ಮರೆತು ಕುಳಿತಿದ್ದ. ಅಂದು ಪಾತ್ರೆ ತೊಳೆಯುತ್ತಾ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಅವಳು ಆ ಮಾತು ಆಡಿದ್ದಳು, ಅಳುತ್ತಾ. ಫ್ರೆಡ್ರಿಕ್ ಎದುರಾಡಲಿಲ್ಲ. ಬಾಗಿಲಲ್ಲಿ ತಲೆತಗ್ಗಿಸಿ ನಿಂತ. ಇಷ್ಟು ವರ್ಷದಲ್ಲಿ ಒಂದು ಮಾತಾದರೂ ನಾಟಿತಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು. ಅವನು ನಿಂತುಕೊಂಡು ಕಂಠಪಾಠ ಮಾಡುತ್ತಿದ್ದ ಎಂದು ಗೊತ್ತಾದದ್ದು ಈಗ, ಬಸ್ಸಿನಲ್ಲಿ.

ಮನೆಗೆ ಬಂದವಳು ಬಟ್ಟೆ ಬದಲಿಸದೆ ಅಡುಗೆಮನೆಗೆ ಹೋದಳು. ಕುಸುಬಲಕ್ಕಿ ಅನ್ನ ಬೆಂದಿತ್ತು. ಬಂಗುಡೆಗೆ ಬಫಾತ್ ಮಸಾಲೆ ಕಲಸಿ ಬಾಣಲೆಗೆ ಹಾಕಿದಳು. ಮೇಜಿನ ಸುತ್ತ ಐದು ಜನ ಕುಳಿತರು. ಮಂಗಫ್‌ನ ತೈಲ ಕಂಪೆನಿಯೊಂದರ ಗುತ್ತಿಗೆದಾರನಲ್ಲಿ ಸ್ಟೋರ್ ಕೀಪರ್ ಆದ ಫ್ರೆಡ್ರಿಕ್; ಸರಕು ಸಾಗಾಟದ ಆಫೀಸಿನಲ್ಲಿರುವ ಮಗ ಆನ್ಸನ್, ಅವನಿಗೆ ಡಿಸೆಂಬರಿನಲ್ಲಿ ಮದುವೆ; ಹನ್ನೆರಡನೇ ಕ್ಲಾಸಿನ ಮಗಳು ಡೆಲ್ಮಾ; ಮೊಮ್ಮಗನ ಮದುವೆಗೆಂದು ಮಂಗಳೂರಿನಿಂದ ಬಂದ ಅತ್ತೆ ಅಪೊಲಿನ್.

ಇಸಾಬೆಲ್ ಮೀನು ಬಡಿಸಿದಳು. ಗಂಡನ ತಟ್ಟೆಗೆ ಬಾಲದ ತುಂಡು ಬಿತ್ತು.

"ಗೀತೆ, ಸಂಗೀತ, ಗಾಯನ, ಗಿಟಾರ್, ನಾಲ್ಕೂ ಫ್ರೆಡ್ರಿಕ್ ಅಂತ ವಿಡಿಯೋದ ಕೆಳಗೆ ಉಂಟು," ಎಂದಳು. "ಗೀತೆ ಯಾರದ್ದು ಫ್ರೆಡ್ಡಿ?"

ಫ್ರೆಡ್ರಿಕನ ಮುಖ ಅರಳಿತು. ಅದೇ ಅವನ ಮೊದಲ ತಪ್ಪು. "ನೋಡಿದ್ಯಾ? ಹೇಗುಂಟು? ನಿನಗೆ ಒಂದು ಸರ್‌ಪ್ರೈಸ್ ಕೊಡುವ ಅಂತ ಹೇಳಿರ್ಲಿಲ್ಲ."

"ಸರ್‌ಪ್ರೈಸ್ ಆಯ್ತು. ಬಸ್ಸಿನಲ್ಲಿ ಆಯ್ತು. ಎಲ್ಲರ ಎದುರು ಆಯ್ತು."

"ಹಾಡು ಒಳ್ಳೆಯದಾಗ್ಲಿಲ್ವಾ?"

"ಒಳ್ಳೆಯದಾಗಿದೆ. ನನ್ನ ಜ್ವರ ಎಷ್ಟು ಚಂದ ಹಾಡಿದ್ದೀ."

"ಇಸಾ, ಯಾವ ಗಂಡ ಹೆಂಡತಿಯ ಮಾತನ್ನು ಹಾಡು ಮಾಡ್ತಾನೆ ಹೇಳು? ಬೇರೆಯವರು ಕಿವಿಗೇ ಹಾಕಿಕೊಳ್ಳುವುದಿಲ್ಲ."

"ನೀನು ಹಾಕಿಕೊಂಡ್ಯಾ? ಮಾಂಯ್‌ನ ಕ್ಲಿನಿಕ್ಕಿಗೆ ಕೊನೆಗೆ ಯಾರು ಕರೆದುಕೊಂಡು ಹೋದದ್ದು?"

ಜ್ವರದ ಮೈಯಲ್ಲಿ ಅತ್ತೆಯನ್ನು ಅವಳೇ ಕರೆದುಕೊಂಡು ಹೋಗಿದ್ದಳು.

ಅವಳು ಮಗನ ಕಡೆ ತಿರುಗಿದಳು. "ನೀನು ಕಂಪ್ಯೂಟರಿನಲ್ಲಿ ಕೂತು ಅದನ್ನು ಸರಿ ಮಾಡಿದವ. ನಿನಗೆ ಗೊತ್ತಾಗ್ಲಿಲ್ವಾ ಅದು ಯಾರ ಮಾತು ಅಂತ?"

"ನಾನು ಮಿಕ್ಸಿಂಗ್ ಮಾಡ್ತಿದ್ದೆ ಮಮ್ಮಿ. ಬೇಸ್ ಜಾಸ್ತಿ ಆಗಿತ್ತು, ಅದನ್ನು ನೋಡ್ತಿದ್ದೆ. ಮಾತು ಕೇಳ್ಲಿಲ್ಲ."

"ಈ ಮನೆಯಲ್ಲಿ ಎಲ್ಲರಿಗೂ ಬೇಸ್ ಕೇಳ್ತದೆ."

ಡೆಲ್ಮಾ ತಟ್ಟೆಯಿಂದ ತಲೆ ಎತ್ತದೆ, "ದಟ್ಸ್ ನಾಟ್ ಓಕೆ, ಪಪ್ಪಾ," ಎಂದಳು. "ಯು ಶುಡ್ ಹ್ಯಾವ್ ಆಸ್ಕ್ಡ್ ಹರ್."

"ಬೇಕಾದ್ರೆ ಮಮ್ಮಿಯ ಹೆಸರು ಹಾಕುವ," ಎಂದ ಆನ್ಸನ್, ಬೇಗ ಮುಗಿಸಿ ಏಳುವ ಅವಸರದಲ್ಲಿ. "ಗೀತೆ, ಇಸಾಬೆಲ್ ಅಂತ. ಎರಡು ನಿಮಿಷದ ಕೆಲಸ."

"ಹೆಸರು ಹಾಕಿದ್ರೆ ನಾನೇ ಊರಿಗೆಲ್ಲ ಹೇಳಿದ ಹಾಗೆ. ಹಾಕದಿದ್ರೆ ಇವನು ಕದ್ದ ಹಾಗೆ. ಯಾವುದು ಬೇಕು ನಿನಗೆ?"

ಅಪೊಲಿನ್ ಮೀನಿನ ಮುಳ್ಳು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡಿದ್ದರು. "ಹೆತ್ತು ಹೊತ್ತು ಸಾಕಿದವಳು ನಾನು," ಎಂದರು. "ಆರು ಹಾಡು ಮಾಡಿದ್ದಾನಂತೆ. ಒಂದರಲ್ಲಿಯೂ ನನ್ನ ಸುದ್ದಿ ಇಲ್ಲ."

ಫ್ರೆಡ್ರಿಕ್ ಕೆಟ್ಟ ಮನುಷ್ಯನಲ್ಲ. ಇದನ್ನು ಇಸಾಬೆಲ್ ಕೂಡ ಒಪ್ಪುತ್ತಾಳೆ, ಹಲ್ಲು ಕಚ್ಚಿಕೊಂಡು. ಮಂಗಳೂರಿನ ಕುಲಶೇಖರದ ಹುಡುಗ. ಅಪ್ಪ ಇಗರ್ಜಿಯ ಗಾಯನಮಂಡಳಿಯಲ್ಲಿ ಪಿಟೀಲು ಬಾರಿಸುತ್ತಿದ್ದವರು. ಮಗನ ಕೈಗೂ ಪಿಟೀಲು ಕೊಟ್ಟರೆ ಅವನು ಅದನ್ನು ಅಡ್ಡ ಹಿಡಿದು ಮೀಟುತ್ತಿದ್ದ. ಕಾಲೇಜಿನ ಸ್ಪರ್ಧೆಯಲ್ಲಿ ಎರವಲು ಗಿಟಾರಿನಲ್ಲಿ ರಾಕ್ ಬಾರಿಸಿದಾಗ ಸಭಾಂಗಣದ ಫ್ಯೂಸ್ ಹೋಯಿತಂತೆ. ಅಂದು ಕತ್ತಲಲ್ಲಿ ಚಪ್ಪಾಳೆ ಹೊಡೆದವರಲ್ಲಿ ಇಸಾಬೆಲಳೂ ಇದ್ದಳು.

ಅವನ ಗಿಟಾರ್ ನಯವಾಗಿ ಮಾತಾಡುವುದಲ್ಲ. ಸದ್ದನ್ನು ಒಡೆಯುವ ತನಕ ಏರಿಸಿ, ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ಒಂದು ಸ್ವರವನ್ನು ಇನ್ನೊಂದರ ಹೊಸ್ತಿಲ ತನಕ ಒಯ್ದು ಅಲ್ಲೇ ನಿಲ್ಲಿಸುತ್ತಾನೆ. ಕೇಳುವವರಿಗೆ ಉಸಿರು ಕಟ್ಟಬೇಕು; ಆಮೇಲೆ ಒಳಗೆ ಬಿಡುವುದು. ಇಗರ್ಜಿಯ ಹಳೆಯ ಗೀತೆಗಳ ಧಾಟಿಯನ್ನು ಅವನು ಹೀಗೆ ಒರಟು ಮಾಡಿ ಬಾರಿಸಿದರೆ, ಭಕ್ತಿಯೋ ಸಿಟ್ಟೋ ತಿಳಿಯುವುದಿಲ್ಲ.

ಕುವೈತಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಅವನು ಕ್ಲಿಫರ್ಡ್ ಎಂಬುವವನ ಬ್ಯಾಂಡಿನಲ್ಲಿ ಬಾರಿಸಿದ. ಹಗಲು ಸ್ಟೋರಿನಲ್ಲಿ ವಾಲ್ವು, ಬೋಲ್ಟು. ರಜೆಯ ಸಂಜೆ ನಮ್ಮವರ ಮದುವೆ, ಬೆಳ್ಳಿಹಬ್ಬ. ವಾಲ್ಟ್ಜ್, ಬೈಲಾ, ಎಲ್ಲರೂ ಕುಣಿಯುವ ಹಾಡುಗಳು, ಎಲ್ಲವೂ ಬೇರೆಯವರವು. ಬರಬರುತ್ತಾ ಕ್ಲಿಫರ್ಡ್ ಲ್ಯಾಪ್‌ಟಾಪಿನಲ್ಲಿ ತಯಾರು ಸಂಗೀತ ಹಾಕಿ ಅದರ ಮೇಲೆ ಹಾಡತೊಡಗಿದ. ಸಾಲ್ಮಿಯಾದಲ್ಲಿ ಒಂದು ಮದುವೆ. ಫ್ರೆಡ್ರಿಕ್ ಕಣ್ಣು ಮುಚ್ಚಿ ತನ್ನ ಪಾಳಿಯನ್ನು ಸ್ವಲ್ಪ ಉದ್ದ ಬಾರಿಸಿದ. ಕಣ್ಣು ತೆರೆದರೆ ಯಾರೂ ಇವನ ಕಡೆ ನೋಡುತ್ತಿಲ್ಲ. ಕ್ಲಿಫರ್ಡ್ ಮಿಕ್ಸರಿನಲ್ಲಿ ಇವನ ಗಿಟಾರಿನ ಸದ್ದನ್ನು ಪೂರ್ತಿ ಇಳಿಸಿಬಿಟ್ಟಿದ್ದ. ಬೆರಳು ಮಾತ್ರ ಓಡುತ್ತಿತ್ತು.

ಅಂದೇ ಬ್ಯಾಂಡ್ ಬಿಟ್ಟ. ಇನ್ನು ನನ್ನ ಹಾಡು ನಾನೇ ಕಟ್ಟುತ್ತೇನೆ ಎಂದು ಕೋಣೆ ಸೇರಿದ. ಗದ್ದಲಕ್ಕೆ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ವಾರಕ್ಕೊಮ್ಮೆ ಬಾಗಿಲು ಬಡಿಯುತ್ತಿದ್ದ. ಅವನಿಗೆ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸುತ್ತಿದ್ದವಳು ಇಸಾಬೆಲ್. ಗಂಡನ ಬೆರಳಿಗೆ ಆದ ಅವಮಾನ ಅವಳಿಗೂ ಉರಿದಿತ್ತು. ಆರು ಹಾಡು ಹೀಗೆ ಆದವು. ಐದನ್ನು ಯಾರೂ ಕೇಳಲಿಲ್ಲ. ಆರನೆಯದು ಇದು.

ನವೆಂಬರ್ ಬಂತು. ಹಾಡು ಇಸಾಬೆಲಳಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಕುಳಿತಿರುತ್ತಿತ್ತು.

ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ನಿಂತ ಗಂಡಸರಲ್ಲಿ ಒಬ್ಬ, "ಇಸಾಬೆಲ್ ಬಾಯೆ, ಈ ವರ್ಷದ್ದು ರಿನ್ಯೂ ಆಯ್ತಾ?" ಎನ್ನುತ್ತಿದ್ದ. ಉಳಿದವರು ನಕ್ಕು ಕಾರಿನ ಕೀಲಿ ಹುಡುಕುತ್ತಿದ್ದರು. ಅಬ್ಬಾಸಿಯಾದ ಮೀನಿನ ಅಂಗಡಿಯ ಶಬೀರ್, ಝುಬೈದಿ ಕೊಯ್ಯುತ್ತಾ ಅದೇ ಹಾಡು ಗುನುಗುತ್ತಿದ್ದ. ಇವಳನ್ನು ಕಂಡು ನಿಲ್ಲಿಸಿದ. ಅವನು ನಿಲ್ಲಿಸಿದ್ದು ಅವಳಿಗೆ ಹೆಚ್ಚು ಚುಚ್ಚಿತು. ಇಗರ್ಜಿಯ ಹೆಂಗಸೊಬ್ಬಳು ಪಕ್ಕಕ್ಕೆ ಕರೆದು, "ಮನೆಯಲ್ಲಿ ಎಲ್ಲ ಸರಿ ಉಂಟಲ್ಲ? ಫಾದರ್ ಹತ್ರ ಒಮ್ಮೆ ಮಾತಾಡಿ," ಎಂದಳು.

ಇಸಾಬೆಲ್ ಮನೆಯಲ್ಲಿ ಮಾತು ಕಮ್ಮಿ ಮಾಡಿದಳು. ಮೊದಲು ಗಂಡನಿದ್ದಾಗ ಮಾತ್ರ. ಆಮೇಲೆ ಗೋಡೆಗೂ ಕಿವಿಯಿದೆ ಎನಿಸಿ ಯಾರಿದ್ದರೂ.

"ಉಪ್ಪು."

"ಗ್ಯಾಸ್ ಮುಗೀತು."

"ನಾಳೆ ನೈಟ್ ಡ್ಯೂಟಿ. ಸಾರು ಫ್ರಿಜ್ಜಿನಲ್ಲುಂಟು."

ಇಷ್ಟೇ. ಊಟದ ಮೇಜಿನಲ್ಲಿ ಅವಳು ಬಿಟ್ಟ ಜಾಗವನ್ನು ಅಪೊಲಿನ್ ತುಂಬಿದರು. ತನ್ನ ಮಂಡಿನೋವು, ಗಂಡನ ಪಿಟೀಲು, ತಾನು ಮದುವೆಯಾಗಿ ಬಂದಾಗ ಮನೆಯಲ್ಲಿದ್ದ ಹಂದಿಗಳು, ಎಲ್ಲವನ್ನೂ ಮಗನ ಕಡೆ ತಿರುಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಹೇಳಿ ಮುಗಿಸಿ, "ಇದರಲ್ಲಿ ಎಂತಾದ್ರೂ ಆಗ್ತದಾ?" ಎಂದು ಕೇಳುತ್ತಿದ್ದರು.

"ಆಗುವುದಿಲ್ಲ ಮಾಂಯ್," ಎನ್ನುತ್ತಿದ್ದ ಫ್ರೆಡ್ರಿಕ್.

"ಅವಳು ನಲ್ಲಿಗೆ ಬೈದದ್ದು ಆಗ್ತದೆ. ನನ್ನದು ಆಗುವುದಿಲ್ಲ."

ಒಂದು ದಿನ ಫ್ರೆಡ್ರಿಕನೇ ತಟ್ಟೆ ದೂಡಿದ. "ಎಷ್ಟು ದಿನ ಹೀಗೆ ಇಸಾ? ನನ್ನನ್ನು ಕಳ್ಳನ ಹಾಗೆ ನೋಡ್ತೀ."

"ಅನ್ನ ಬೇಕಾ?"

"ಮಾತಾಡು."

"ಮಾತಾಡಿದ್ರೆ ಅದಕ್ಕೆ ಯಾವ ತಾಳ ಹಾಕ್ತೀ?"

ಆನ್ಸನ್ ಎದ್ದು ಕೈ ತೊಳೆಯಲು ಹೋದ. ಡೆಲ್ಮಾ, "ಮಮ್ಮಿ, ಪ್ಲೀಸ್," ಎಂದಳು. ಯಾವುದಕ್ಕೆ ಪ್ಲೀಸ್ ಎಂದು ಅವಳಿಗೂ ಗೊತ್ತಿರಲಿಲ್ಲ.

ರೋಸ್ ಹತ್ತಿರ ಬಂತು. ಮದುವೆಯ ಹಿಂದಿನ ಸಂಜೆ ಮದುಮಗನಿಗೂ ಮದುಮಗಳಿಗೂ ಮನೆಯವರು ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ ಅದು. ಊರಿನಲ್ಲಾದರೆ ಎರಡು ಮನೆಯಲ್ಲಿ ಬೇರೆ ಬೇರೆ. ಇಲ್ಲಿ ಹಾಲ್ ಸಿಗುವುದೇ ಕಷ್ಟ. ಮಹಬೂಲಾದ ಒಂದು ಕಟ್ಟಡದ ಬೇಸ್‌ಮೆಂಟ್ ಹಾಲಿನಲ್ಲಿ ಎರಡೂ ಕಡೆಯದ್ದು ಒಟ್ಟಿಗೆ ಎಂದು ತೀರ್ಮಾನವಾಗಿತ್ತು. ಮದುಮಗಳು ಅಮಿತಾ ಕುವೈತಿನಲ್ಲೇ ಹುಟ್ಟಿ ಬೆಳೆದವಳು. ಸಂಗೀತಕ್ಕೆ ಅವಳ ಮನೆಯವರು ಗೊತ್ತುಮಾಡಿದ್ದು ಕ್ಲಿಫರ್ಡನನ್ನು.

ಆ ವಿಷಯ ಮಾತಾಡಲು ಕ್ಲಿಫರ್ಡ್ ಒಂದು ಶನಿವಾರ ಸಂಜೆ ಮನೆಗೆ ಬಂದ, ದೊಡ್ಡ ಕೇಕಿನ ಪೆಟ್ಟಿಗೆ ಹಿಡಿದುಕೊಂಡು. ಸಾಲ್ಮಿಯಾದ ಮದುವೆಯ ನಂತರ ಅವನೂ ಫ್ರೆಡ್ರಿಕನೂ ಮುಖ ಕೊಟ್ಟು ಮಾತಾಡಿರಲಿಲ್ಲ.

"ಫ್ರೆಡ್ಡಿ, ಹಳೆಯದೆಲ್ಲ ಬಿಡು ಮಾರಾಯ," ಎಂದ ಕ್ಲಿಫರ್ಡ್. "ಈಗ ನೀನು ಸ್ಟಾರ್. ರೋಸಿಗೆ ನೀನು ಸ್ಟೇಜಿಗೆ ಬರಬೇಕು. ನಿನ್ನ ಗಿಟಾರ್, ನಿನ್ನ ಸದ್ದು, ನಾನು ಮಿಕ್ಸರ್ ಮುಟ್ಟುವುದಿಲ್ಲ. ಅಮಿತಾಳ ಅಮ್ಮ ಫೋನ್ ಮಾಡಿದ್ರು. ಇಕಾಮಾ ಹಾಡು ಬೇಕೇ ಬೇಕಂತೆ."

ಫ್ರೆಡ್ರಿಕನ ಬೆನ್ನು ನೆಟ್ಟಗಾಯಿತು. ಟ್ರೇಯಲ್ಲಿ ಚಹಾ ತಂದ ಇಸಾಬೆಲ್ ಆ ಬೆನ್ನು ನೋಡಿದಳು.

"ಆ ಹಾಡು ಬೇಡ," ಎಂದಳು.

"ಬಾಯೆ, ಎಲ್ಲರೂ ಕೇಳ್ತಿದ್ದಾರೆ."

"ಎಲ್ಲರೂ ಕೇಳಿ ಆಯ್ತು. ನನ್ನ ಮಗನ ರೋಸಿನಲ್ಲಿ, ಬೀಗರ ಎದುರು, ನಾನು ಗಂಡನ ಜೊತೆ ಯಾವಾಗ ಖಲಾಸ್ ಅಂತ ಲೆಕ್ಕ ಹಾಕ್ತಾ ಕೂತಿದ್ದೇನೆ ಅಂತ ಮೈಕಿನಲ್ಲಿ ಹೇಳ್ಲಿಕ್ಕಿಲ್ಲ. ನಾಳೆ ಮನೆಗೆ ಬರುವ ಹುಡುಗಿ ನನ್ನನ್ನು ಎಂತ ಅಂತ ತಿಳಿಯಬೇಕು?"

"ಇಸಾ," ಎಂದ ಫ್ರೆಡ್ರಿಕ್. ಸ್ವರ ತಗ್ಗಿತ್ತು, ಮೃದುವಾಗಿರಲಿಲ್ಲ. "ಇಪ್ಪತ್ತೆರಡು ವರ್ಷ ಬೇರೆಯವರ ಮಕ್ಕಳ ಮದುವೆಯಲ್ಲಿ ಬೇರೆಯವರ ಹಾಡು ಬಾರಿಸಿದೆ. ನನ್ನ ಮಗನ ರೋಸಿನಲ್ಲಿ ನನ್ನದೊಂದು ಹಾಡು ಹಾಡ್ಲಿಕ್ಕಿಲ್ವಾ?"

"ಹಾಡು. ನಿನ್ನದು ಐದು ಉಂಟಲ್ಲ."

"ಜನರಿಗೆ ಬೇಕಾದದ್ದು ಇದು."

"ಹೌದು. ಉಳಿದ ಐದನ್ನು ಯಾಕೆ ಯಾರೂ ಕೇಳುವುದಿಲ್ಲ ಗೊತ್ತುಂಟಾ? ಅದರಲ್ಲಿ ನೀನೊಬ್ಬನೇ ಇದ್ದೀ."

ಕ್ಲಿಫರ್ಡ್ ಚಹಾದ ಕಪ್ಪನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಕೇಕಿನ ಪೆಟ್ಟಿಗೆ ಬಿಚ್ಚಲೇ ಇಲ್ಲ. ಫ್ರೆಡ್ರಿಕ್ ಎದ್ದು ಕೋಣೆಗೆ ಹೋದ, ಬಾಗಿಲು ಹಾಕಿಕೊಂಡ. ಅತಿಥಿಯನ್ನು ಲಿಫ್ಟಿನ ತನಕ ಬಿಟ್ಟುಬರಲು ಆನ್ಸನ್ ಹೋದ.

ಹೆಚ್ಚಾಯಿತು ಎಂದು ಇಸಾಬೆಲಳಿಗೆ ಗೊತ್ತಾಯಿತು. ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಎರಡು ಈರುಳ್ಳಿ ಸಾಕಿತ್ತು, ಐದು ಹೆಚ್ಚಿದಳು. ಹೋಗಿ ಒಂದು ಮಾತು ಹೇಳಬೇಕು, ಸಿಟ್ಟಿನಲ್ಲಿ ಬಂತು ಎನ್ನಬೇಕು ಎಂದು ಕೈ ಒರೆಸಿಕೊಂಡು ಕೋಣೆಯ ಬಾಗಿಲಿಗೆ ಬಂದಳು.

ಒಳಗೆ ಗಿಟಾರ್ ಸಣ್ಣಗೆ ಕೇಳುತ್ತಿತ್ತು, ಆಂಪ್ಲಿಫೈಯರಿಗೆ ಜೋಡಿಸದ ಬರಿಯ ತಂತಿಯ ಸದ್ದು. ಅದರ ಮೇಲೆ ಫ್ರೆಡ್ರಿಕ್ ಬಾಯಲ್ಲಿ ಗುನುಗುತ್ತಿದ್ದ. ಒಮ್ಮೆ ಹೀಗೆ, ಒಮ್ಮೆ ಹಾಗೆ, ಮಾತನ್ನು ಹಿಂದೆ ಮುಂದೆ ಮಾಡಿ: *ಅದರಲ್ಲಿ ನೀನೊಬ್ಬನೇ. ನೀನೊಬ್ಬನೇ ಅದರಲ್ಲಿ.*

ಇಸಾಬೆಲ್ ಬಾಗಿಲು ತಟ್ಟಲಿಲ್ಲ. ಅವನು ಹಠಕ್ಕೆ ಮಾಡುತ್ತಿಲ್ಲ ಎಂಬುದು ಆ ಗುನುಗಿನಲ್ಲೇ ಸ್ಪಷ್ಟವಿತ್ತು. ಹೊಡೆತ ಬಿದ್ದಲ್ಲಿ ಕೈ ಹೋಗುವ ಹಾಗೆ ಅವನ ಕೈ ತಂತಿಗೆ ಹೋಗುತ್ತದೆ. ಅದು ತಿಳಿದ ಮೇಲೆ ಅವಳ ಸಿಟ್ಟು ಇಳಿಯಬೇಕಿತ್ತು, ಏರಿತು. ಹಠವಾದರೆ ಬಿಡಿಸಬಹುದು. ಇದನ್ನು ಏನು ಮಾಡುವುದು?

ಅಡುಗೆಮನೆಗೆ ವಾಪಸು ಬಂದು ಹೆಚ್ಚಿದ ಐದೂ ಈರುಳ್ಳಿಯನ್ನು ಸಾರಿಗೆ ಹಾಕಿದಳು. ಅಂದಿನ ಸಾರು ಸಿಹಿಯಾಗಿತ್ತು ಎಂದು ಅಪೊಲಿನ್ ಎರಡು ದಿನ ಹೇಳಿದರು.

ಆನ್ಸನ್ ನಡುವೆ ಬಿದ್ದು ಅಪ್ಪನಿಂದ ಮಾತು ತೆಗೆದುಕೊಂಡ. "ಹಾಡುವುದಿಲ್ಲ," ಎಂದ ಫ್ರೆಡ್ರಿಕ್. "ಬೇರೆಯವರು ಹಾಡಿದ್ರೆ ಬಾರಿಸ್ತೇನೆ, ಅಷ್ಟೇ. ನಿನ್ನ ಅಮ್ಮನಿಗೆ ಹೇಳು."

"ನೀವೇ ಹೇಳಿ ಪಪ್ಪಾ."

"ನಾನು ಹೇಳಿದ್ರೆ ಅವಳು ಅನ್ನ ಬೇಕಾ ಅಂತಾಳೆ."

ರೋಸಿನ ದಿನ ಬೆಳಿಗ್ಗೆಯಿಂದ ತೆಂಗಿನಕಾಯಿ ತುರಿಯುವ ಕೆಲಸ. ಡಬ್ಬಿಯ ಹಾಲು ತಂದರೆ ಸಾಲದೇ ಎಂದು ಡೆಲ್ಮಾ ಕೇಳಿ, ಅಜ್ಜಿಯಿಂದ ಬೈಸಿಕೊಂಡಳು. "ಡಬ್ಬಿಯ ಹಾಲು ಹಚ್ಚಿದ್ರೆ ಡಬ್ಬಿಯ ಗಂಡನೇ ಸಿಗುವುದು." ಅಬ್ಬಾಸಿಯಾದಿಂದ ಆನ್ಸನ್ ಹೊತ್ತು ತಂದ ಕಾಯಿಗಳನ್ನು ನೆರೆಯ ಹೆಂಗಸರೂ ಸೇರಿ ತುರಿದರು, ರುಬ್ಬಿದರು, ಬಟ್ಟೆಯಲ್ಲಿ ಹಿಂಡಿದರು. ಇಸಾಬೆಲ್ ಮಾತಾಡದೆ ಹಿಂಡಿದಳು. ಹಿಂಡಿದ್ದನ್ನು ಇನ್ನೊಮ್ಮೆ ಹಿಂಡಿದಳು.

ಸಂಜೆ ಹಾಲ್ ತುಂಬಿತು. ಕುವೈತಿನ ರೋಸ್, ಕುಡಿಯಲು ಜ್ಯೂಸ್ ಮಾತ್ರ. ಆದರೂ ಗಂಡಸರ ಗದ್ದಲಕ್ಕೆ ಕಮ್ಮಿಯಿಲ್ಲ. ಮುಂದೆ ಎರಡು ಕುರ್ಚಿಯಲ್ಲಿ ಆನ್ಸನ್, ಅಮಿತಾ. ಎಡಗಡೆ ವೇದಿಕೆಯಲ್ಲಿ ಕ್ಲಿಫರ್ಡ್, ಅವನ ಲ್ಯಾಪ್‌ಟಾಪ್, ಅದರ ಪಕ್ಕ ಕಪ್ಪು ಅಂಗಿ ಹಾಕಿ ಕೆಂಪು ಗಿಟಾರ್ ಹಿಡಿದ ಫ್ರೆಡ್ರಿಕ್.

ಮೊದಲು ವೊವಿಯೊ. ರೋಸಿನಲ್ಲಿ ಹೆಂಗಸರು ಹಾಡುವ ಪದಗಳು ಇವು. ಹಿರಿಯಳೊಬ್ಬಳು ಎರಡು ಸಾಲು ಹಾಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ದೇವರ ಹೆಸರಿನಿಂದ ಶುರುವಾಗಿ, ಮದುಮಗಳ ಹೂವು, ಮದುಮಗನ ಕೋಟು, ಆಮೇಲೆ ಮನೆಯವರ ಕುಂದುಕೊರತೆ. ವೊವಿಯೊದಲ್ಲಿ ಹೇಳಿದ್ದಕ್ಕೆ ಯಾರೂ ಸಿಟ್ಟಾಗಬಾರದು ಎಂಬುದು ಪದ್ಧತಿ. ಅಪೊಲಿನ್ ಶಿಲುಬೆಯ ಗುರುತು ಹಾಕಿ ಶುರುಮಾಡಿದರು. ಬೀಗರ ಹೊಟ್ಟೆ ಇಗರ್ಜಿಯ ಬಾಗಿಲಲ್ಲಿ ಸಿಕ್ಕಿಬಿದ್ದ ಪದ ಹಾಡಿದಾಗ ಹಾಲ್ ಹೊಯ್ಯೆಂದು ನಕ್ಕಿತು, ಬೀಗರೂ ನಕ್ಕರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಇಕಾಮಾ," ಎಂದು ಕೂಗಿದರು. ಇನ್ನೊಬ್ಬರು ಕೂಗಿದರು. ಚಪ್ಪಾಳೆಗೆ ತಾಳ ಬಂತು. ಕ್ಲಿಫರ್ಡ್ ಮೈಕ್ ಹಿಡಿದು, "ನಾನು ಕೇಳಿದ್ದಲ್ಲ, ಜನತೆ ಕೇಳಿದ್ದು," ಎಂದ. ಅಮಿತಾಳ ಅಮ್ಮ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಫ್ರೆಡ್ರಿಕ್ ಹೆಂಡತಿಯ ಕಡೆ ನೋಡಿದ. ಬೇಡ ಎಂದು ಅವನ ಮುಖ ಹೇಳಲಿಲ್ಲ, ಒಪ್ಪಿಗೆ ಕೇಳುತ್ತಿತ್ತು.

ಇಸಾಬೆಲ್ ತೆಂಗಿನಹಾಲಿನ ಬಟ್ಟಲು ಹಿಡಿದು ಮಗನ ಮುಂದೆ ನಿಂತಿದ್ದಳು. ಮೊದಲು ಹಚ್ಚಬೇಕಾದವಳು ತಾಯಿ. ಬಟ್ಟಲನ್ನು ಡೆಲ್ಮಾಳ ಕೈಗೆ ಕೊಟ್ಟು, ಅತ್ತೆಯ ಕೈಯಿಂದ ಮೈಕ್ ತೆಗೆದುಕೊಂಡಳು.

"ಮಾಂಯ್, ಇನ್ನೊಂದು ಪದ ನನ್ನದು," ಎಂದಳು.

ಅವಳು ಹಾಡುವವಳಲ್ಲ. ಸ್ವರ ಮೊದಲು ನಡುಗಿತು. ಧಾಟಿ ಅತ್ತೆ ಹಾಡಿದ್ದೇ, ಮಾತು ಅವಳದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

*ಕಪ್ಪು ಅಂಗಿಯ ಮಾವ ನಿನಗೆ, ವೇದಿಕೆ ಮೇಲೆ ನಿಂತಿದ್ದಾನೆ,*
*ಅಂಗಿಗೆ ಇಸ್ತ್ರಿ ಹಾಕಿದವಳು ಕೆಳಗೆ ನಿಂತಿದ್ದಾಳೆ.*

ಹೆಂಗಸರು ನಗುತ್ತಾ ತಿರುಗಿ ಹಾಡಿದರು. ಫ್ರೆಡ್ರಿಕನೂ ನಕ್ಕು ಸಣ್ಣಗೆ ತಲೆಬಾಗಿದ. ಅವಳು ಸೊಸೆಯ ಕಡೆ ತಿರುಗಿದಳು.

*ಅಡುಗೆಮನೆಯಲ್ಲಿ ಅಳಬೇಡ ಸೊಸೆಯೇ, ಗಟ್ಟಿಯಾಗಿ,*
*ಗೋಡೆಯ ಆಚೆ ಒಬ್ಬ ಕುಳಿತಿದ್ದಾನೆ, ಗಿಟಾರ್ ಹಿಡಿದುಕೊಂಡು.*

ನಗೆ ಎದ್ದಿತು, ಹಾಲಿನ ಗೋಡೆಗೆ ಬಡಿದು ತಿರುಗಿ ಬಂತು. ಮೊಬೈಲುಗಳು ಮೇಲೆದ್ದವು. ಅಮಿತಾ ನಗಲಿಲ್ಲ, ಅತ್ತೆಯಾಗುವವಳನ್ನು ನೋಡುತ್ತಿದ್ದಳು. ಇಸಾಬೆಲ್ ಮೂರನೆಯ ಪದ ಶುರುಮಾಡಿದಳು.

*ಜ್ವರದ ಮೈಯಲ್ಲಿ ಆಡಿದ ಮಾತು…*

ಆಗ ಗಿಟಾರ್ ಬಂತು. ಎಲ್ಲಿಂದಲೋ ಜಾರಿ ಬಂದು ಅವಳ ಸ್ವರದ ಕೆಳಗೆ ಸರಿಯಾಗಿ ಕುಳಿತಿತು. ಅವಳ ನಡುಕವನ್ನು ಅದು ಎತ್ತಿ ಹಿಡಿಯಿತು, ಹೊಸ್ತಿಲ ತನಕ ಒಯ್ದಿತು. ಹಾಲಿನಲ್ಲಿ ಆಹಾ ಎಂಬ ಉಸಿರು ಕೇಳಿತು. ಚಂದವಾಗಿತ್ತು. ಇಸಾಬೆಲಳ ಕಿವಿಗೂ ಅದು ಗೊತ್ತಾಯಿತು, ಗೊತ್ತಾದ ಕೂಡಲೇ ಅವಳು ನಿಲ್ಲಿಸಿದಳು.

"ಫ್ರೆಡ್ಡಿ, ಕೈ ತೆಗಿ."

ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಒಳ್ಳೆಯದಾಗ್ತಾ ಉಂಟು ಇಸಾ," ಎಂದ ಅವನು. ಮನಃಪೂರ್ವಕ ಹೇಳಿದ.

"ಅದಕ್ಕೇ. ತೆಗಿ."

ಅವನು ತೆಗೆಯಲಿಲ್ಲ. ಬೆರಳು ತಂತಿಯ ಮೇಲೆ ಇತ್ತು, ಸ್ವರ ಇನ್ನೂ ಗಾಳಿಯಲ್ಲಿತ್ತು. ಕ್ಲಿಫರ್ಡ್ ಮಿಕ್ಸರಿನ ಕಡೆ ಕೈ ಚಾಚಿದ. "ನೀನು ಮುಟ್ಟಬೇಡ ಕ್ಲಿಫರ್ಡ್," ಎಂದಳು ಇಸಾಬೆಲ್. "ಅವನೇ ತೆಗೀಲಿ."

ಫ್ರೆಡ್ರಿಕ್ ಅಂಗೈಯನ್ನು ತಂತಿಗಳ ಮೇಲೆ ಇಟ್ಟು ಸದ್ದು ನಿಲ್ಲಿಸಿದ. ಆಮೇಲೆ ಎರಡೂ ಕೈ ಕೆಳಗೆ ಬಿಟ್ಟ.

ಅವಳು ಮೊದಲಿನಿಂದ ಹಾಡಿದಳು. ಸ್ವರ ಈಗಲೂ ನಡುಗುತ್ತಿತ್ತು, ಹಿಡಿಯುವವರಿರಲಿಲ್ಲ.

*ಜ್ವರದ ಮೈಯಲ್ಲಿ ಆಡಿದ ಮಾತು ಅವನೊಬ್ಬನಿಗೆ ಆಡಿದ್ದು,*
*ಅವನೊಬ್ಬನನ್ನು ಬಿಟ್ಟು ಊರೆಲ್ಲ ಕೇಳಿದ್ದು.*

ಯಾರೂ ನಗಲಿಲ್ಲ. ಪದ ಹಾಡಿದ ಮೇಲೆ ಹೆಂಗಸರು ತಿರುಗಿ ಹಾಡಬೇಕು, ಅದು ಪದ್ಧತಿ. ಯಾರೂ ಬಾಯಿ ತೆರೆಯಲಿಲ್ಲ. ಅಮಿತಾಳ ಅಮ್ಮ ನೆಲ ನೋಡುತ್ತಿದ್ದರು. ಆನ್ಸನ್ ಕುರ್ಚಿಯಲ್ಲಿ ಕುಗ್ಗಿದ. ಇಸಾಬೆಲ್ ಮೈಕ್ ಹಿಡಿದೇ ನಿಂತಳು; ತಿರುಗಿ ಹಾಡದಿದ್ದರೆ ಅವಳು ಹೇಳಿದ್ದು ಶಾಸ್ತ್ರವಾಗದೆ ಬರಿಯ ಜಗಳವಾಗಿ ಉಳಿಯುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹಾಡಿದವರು ಅಪೊಲಿನ್. ಮೈಕ್ ಇಲ್ಲದೆ, ಒಡಕು ಸ್ವರದಲ್ಲಿ, ವೇದಿಕೆಯ ಮೇಲಿದ್ದ ಮಗನನ್ನೇ ನೋಡುತ್ತಾ ಒಬ್ಬರೇ ಒಂದು ಸಾಲು ಹಾಡಿದರು. ಎರಡನೆಯ ಸಾಲಿಗೆ ನೆರೆಯ ಹೆಂಗಸರು ಸೇರಿದರು, ಡೆಲ್ಮಾ ಸೇರಿದಳು, ಮಾತು ಪೂರ್ತಿ ಅರ್ಥವಾಗದೆಯೂ ಕದೀಜಾ ಸೇರಿದಳು. ಊರೆಲ್ಲ ಕೇಳಿದ್ದು ಎಂಬಲ್ಲಿಗೆ ಬಂದಾಗ ಹಾಲಿನ ಹೆಂಗಸರೆಲ್ಲ ಹಾಡುತ್ತಿದ್ದರು.

ಇಸಾಬೆಲ್ ಬಟ್ಟಲು ತೆಗೆದುಕೊಂಡು, ತೆಂಗಿನಹಾಲಿನಲ್ಲಿ ಬೆರಳು ಅದ್ದಿ ಮಗನ ಹಣೆಗೆ ಶಿಲುಬೆ ಬರೆದಳು. ಆಮೇಲೆ ಸೊಸೆಯ ಹಣೆಗೆ.

"ಯಲ್ಲಾ, ಮುಂದಿನವರು ಬನ್ನಿ," ಎಂದು ಕ್ಲಿಫರ್ಡ್ ಲ್ಯಾಪ್‌ಟಾಪ್ ಒತ್ತಿದ. ತಯಾರು ಸಂಗೀತ ಶುರುವಾಯಿತು.

ಮದುವೆ ಸುಸೂತ್ರ ಮುಗಿಯಿತು. ಆ ವಾರವೇ ಇಕಾಮಾ ಹಾಡು ಯೂಟ್ಯೂಬಿನಿಂದ ಕಾಣೆಯಾಯಿತು. ತಾನು ತೆಗೆದದ್ದಲ್ಲ ಎಂದು ಆನ್ಸನ್ ಹೇಳುತ್ತಾನೆ. ಫ್ರೆಡ್ರಿಕನನ್ನು ಯಾರೂ ಕೇಳಲಿಲ್ಲ. ರೋಸಿನಲ್ಲಿ ಯಾರೋ ತೆಗೆದ ವಿಡಿಯೋ ಮಾತ್ರ ಈಗಲೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಅದು ಇಸಾಬೆಲಳಿಗೆ ಗೌರವವೋ ಇನ್ನೊಂದು ಅವಮಾನವೋ, ನಾನು ನಿರ್ಧರಿಸಲಾರೆ. ಫ್ರೆಡ್ರಿಕ್ ಬೆಳಿಗ್ಗೆ ಕಂಪೆನಿ ಬಸ್ಸಿಗೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಕೋಣೆಯಲ್ಲಿ ಗಿಟಾರ್ ಕೇಳಿಸುವುದುಂಟು, ಮಾತಿಲ್ಲದೆ.

ಅಂದು ವೇದಿಕೆಯಲ್ಲಿ ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದಾಗ ಆ ಮೂರನೆಯ ಪದ ಅವನಿಗೆ ತಲುಪಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಇಸಾಬೆಲಳಿಗೂ ಗೊತ್ತಿಲ್ಲ.